ಬೋರಲು ಹಾಕಿದ ಕಪ್

“ಮುಟ್ಟಬೇಡಿ ಮೇಡಂ!”

ಇನ್‌ಸ್ಪೆಕ್ಟರಮ್ಮನ ಕೈ ಕಪ್‌ವರೆಗೂ ಹೋಗಿ ಅಲ್ಲೇ ನಿಂತಿತು. ಠಾಣೆಯಲ್ಲಿ ಆಕೆಗೆ ಹೀಗೆ ಹೇಳುವ ಎದೆಗಾರಿಕೆ ಒಂದು ನೊಣಕ್ಕೂ ಇರಲಿಲ್ಲ. ಇಲ್ಲಿ, ಕಾಲೇಜಿನ ಎದುರಿನ ಈ ಕೆಫೆಯಲ್ಲಿ, ನೆತ್ತಿಯ ಮೇಲೆ ಜುಟ್ಟು ಕಟ್ಟಿದ ಹುಡುಗಿಯೊಬ್ಬಳು ಪಕ್ಕದ ಮೇಜಿನಿಂದ ಪಿಸುಗುಟ್ಟುತ್ತಲೇ ಗದರಿದ್ದಳು.

“ಯಾಕಮ್ಮ? ಮುಟ್ಟಿದ್ರೆ ಶಾಕ್ ಹೊಡೆಯುತ್ತಾ?”

“ಅವನು ಮಲಗಿದ್ದಾನೆ. ಕಪ್ ಬೋರಲು ಹಾಕಿದ್ದಾನಲ್ಲ, ನೋಡಿ.”

ಹುಡುಗನೊಬ್ಬ ತೆರೆದ ಪುಸ್ತಕಕ್ಕೆ ಕೆನ್ನೆಯಾನಿಸಿ, ಬಾಯಿ ಬಿಟ್ಟುಕೊಂಡು ನಿದ್ದೆ ಹೋಗಿದ್ದ. ಅವನ ಮೊಣಕೈ ಹತ್ತಿರ ಸಾಸರ್ ಮೇಲೆ ಕಪ್ ತಲೆಕೆಳಗಾಗಿ ಕೂತಿತ್ತು. ಮೊನ್ನೆ ಇದೇ ಕೆಫೆಯ ಕಿಟಕಿ ಮೇಜಿನಲ್ಲಿ ಹೀಗೆಯೇ ತಲೆಯಿಟ್ಟು ಮಲಗಿದ್ದ ಹುಡುಗಿ ಮತ್ತೆ ಏಳಲಿಲ್ಲ. ಅವಳ ಕಾಫಿಯಲ್ಲಿ ನಿದ್ದೆ ಮಾತ್ರೆ ಇತ್ತು.

ಆ ಕಿಟಕಿ ಮೇಜಿಗೆ ಈಗಾಗಲೇ ಬೇರೆ ಇಬ್ಬರು ಬಂದು ಕೂತಿದ್ದರು. ಪೊಲೀಸರು ಟೇಪ್ ಬಿಚ್ಚಿದ್ದೇ ತಡ, ಜಾಗ ಭರ್ತಿಯಾಗಿತ್ತು. ಇಡೀ ಕೆಫೆಯಲ್ಲಿ ನೆಟ್ಟಗೆ ಕೆಲಸ ಮಾಡುವ ಪ್ಲಗ್ ಇದ್ದದ್ದು ಅಲ್ಲಿ ಮಾತ್ರ. ಪರೀಕ್ಷೆ ಹತ್ತಿರ ಬಂದರೆ ಸಾವಿಗೂ ಯಾರೂ ಎದ್ದು ಜಾಗ ಬಿಡುವುದಿಲ್ಲವೇನೋ ಎಂದು ಇನ್‌ಸ್ಪೆಕ್ಟರಮ್ಮನಿಗೆ ಸಿಟ್ಟು ಬಂತು. ಆಮೇಲೆ ಆ ಮಕ್ಕಳ ಕಣ್ಣ ಕೆಳಗಿನ ಕಪ್ಪು ನೋಡಿ ಸಿಟ್ಟು ಅರ್ಧಕ್ಕೆ ಇಳಿಯಿತು. ಹಾಸ್ಟೆಲಿನಲ್ಲಿ ಒಂದು ಕೋಣೆಗೆ ನಾಲ್ಕು ಜನ, ಮನೆಯಲ್ಲಿ ಟಿ.ವಿ. ಗಲಾಟೆ. ಒಂದು ಕಾಫಿ ಹೇಳಿ ಬೆಳಗಿನಿಂದ ಸಂಜೆವರೆಗೆ ತಣ್ಣಗೆ ಕೂತು ಓದಲು ಇವರಿಗೆ ಬೇರೆ ದಿಕ್ಕಿರಲಿಲ್ಲ.

ತನ್ನ ಮನೆಯ ಹುಡುಗ ಲೈಬ್ರರಿಯಲ್ಲಿ ಓದುತ್ತಾನೆ, ಸದ್ಯ ಬದುಕಿದೆ, ಎಂದುಕೊಂಡು ಆಕೆ ಕುರ್ಚಿ ಎಳೆದು ಜುಟ್ಟಿನ ಹುಡುಗಿಯ ಎದುರು ಕೂತಳು. ಜೊತೆಗೆ ಬಂದಿದ್ದ ದಫೇದಾರರು ಹಿಂದೆ ನಿಂತು ಮೀಸೆ ನೀವಿಕೊಂಡರು.

“ಬೋರಲು ಹಾಕೋದು ಅಂದ್ರೆ ಏನು, ಬಿಡಿಸಿ ಹೇಳು.”

“ಇಲ್ಲಿ ಎಲ್ರಿಗೂ ಗೊತ್ತು ಮೇಡಂ. ನಿದ್ದೆ ತಡೆಯೋಕಾಗ್ದೇ ಇದ್ರೆ ಕಪ್ ಬೋರಲು ಹಾಕಿ ತಲೆ ಇಟ್ಟುಬಿಡೋದು. ಹಾಗೆ ಹಾಕಿದ್ರೆ ಯಾರೂ ಮಾತಾಡಿಸಬಾರದು. ಮೇಜು ಅಲ್ಲಾಡಿಸಬಾರದು. ಮಾವ ಕೂಡ ಕಪ್ ತೆಗೆಯೋಕೆ ಬರಲ್ಲ.”

ಮಾವ ಎಂದರೆ ಕೆಫೆ ಮಾಲೀಕ. ಇಡೀ ಕಾಲೇಜಿಗೇ ಮಾವ, ಸ್ವಂತಕ್ಕೆ ಅಳಿಯ ಒಬ್ಬನೂ ಇರಲಿಲ್ಲ. ಕೌಂಟರಿನ ಹಿಂದೆ ಹಾಲು ಕಾಯಿಸುತ್ತಾ ಅವನು ಇತ್ತ ನೋಡದಿರಲು ಬಹಳ ಕಷ್ಟಪಡುತ್ತಿದ್ದ.

“ಮತ್ತೆ ಎಬ್ಬಿಸೋರು ಯಾರು?”

“ಯಾರನ್ನ ಕೇಳಿರ್ತೀವೋ ಅವರು. ಕಪ್ಪಿನ ಹಿಡಿ ಅವರ ಕಡೆಗೆ ತಿರುಗಿಸಿ ಇಡ್ತೀವಿ. ಅವರು ಒಪ್ಕೊಂಡ್ರೆ ಮುಗೀತು, ಎಬ್ಬಿಸೋ ಜವಾಬ್ದಾರಿ ಅವರದ್ದು. ಬೇರೆಯವರು ಎಬ್ಬಿಸಿದ್ರೆ ಜಗಳಾನೇ ಆಗುತ್ತೆ.” ಹುಡುಗಿ ಕಿಟಕಿ ಮೇಜಿನ ಕಡೆ ನೋಡಿದಳು. “ಅದಕ್ಕೇ ಅವತ್ತು ಯಾರೂ ಗಿಳೀನ ಎಬ್ಬಿಸಲಿಲ್ಲ ಮೇಡಂ.”

ಸತ್ತ ಹುಡುಗಿಗೆ ಗೆಳೆಯರಿಟ್ಟ ಹೆಸರು ಗಿಳಿ. ಓದುವಾಗ ತುಟಿ ಅಲ್ಲಾಡಿಸುತ್ತಾ ಒಪ್ಪಿಸುತ್ತಿದ್ದಳಂತೆ.

“ಎ.ಸಿ. ಜಾಸ್ತಿ ಇತ್ತು. ಚಳಿ ಆಗುತ್ತೇನೋ ಅಂತ ನಾನೇ ನನ್ನ ಶಾಲು ತಂದು ಅವಳ ಮೇಲೆ ಹೊದಿಸ್ದೆ. ಪಕ್ಕದಲ್ಲಿ ಇಬ್ಬರು ನಗ್ತಾ ಇದ್ರು, ‘ಶ್, ಮಲಗಿದ್ದಾಳೆ’ ಅಂತ ಬೈದೆ. ಆಗ ಅವಳಿಗೆ...” ಜುಟ್ಟಿನ ಹುಡುಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಶವಪರೀಕ್ಷೆ ಮಾಡಿದ ಡಾಕ್ಟರ ಮಾತು ಇನ್‌ಸ್ಪೆಕ್ಟರಮ್ಮನ ಕಿವಿಯಲ್ಲಿ ಇನ್ನೂ ಇತ್ತು. ಯಾರಾದರೂ ಸ್ವಲ್ಪ ಮೊದಲು ಅಲುಗಾಡಿಸಿ ನೋಡಿದ್ದರೆ ಆ ಮಗು ಉಳಿಯುತ್ತಿತ್ತು, ಅಂದಿದ್ದರು ಅವರು. ಅದನ್ನು ಈ ಹುಡುಗಿಗೆ ಹೇಳುವುದೆಂದರೆ ಎಳೆಯ ಹೆಗಲಿನ ಮೇಲೆ ಬಂಡೆ ಹೊರಿಸಿದ ಹಾಗೆ. ಅಷ್ಟು ಕಲ್ಲು ಮನಸ್ಸು ಆಕೆಯದಲ್ಲ.

ಆಕೆ ಮೊಬೈಲ್ ತೆಗೆದು, ಮೊನ್ನೆ ಪಂಚನಾಮೆ ವೇಳೆ ತೆಗೆದ ಫೋಟೋ ದೊಡ್ಡದು ಮಾಡಿ ಮೇಜಿನ ಮೇಲಿಟ್ಟಳು. ಗಿಳಿಯ ಕೈ, ಪುಸ್ತಕ, ಸಾಸರ್, ಬೋರಲು ಕಪ್. ಎಷ್ಟು ಸಲ ನೋಡಿದ್ದಳೋ ಈ ಫೋಟೋವನ್ನು! ಕಪ್‌ಗೂ ಬಾಯಿ ಉಂಟು ಅಂತ ಗೊತ್ತಿದ್ದರೆ ತಾನೇ ಅದನ್ನು ವಿಚಾರಿಸುವುದು?

“ಹಿಡಿ ಯಾರ ಕಡೆಗಿದೆ, ನೋಡಿ ಹೇಳಮ್ಮ.”

ಹುಡುಗಿ ಕಣ್ಣೊರೆಸಿಕೊಂಡು ಬಗ್ಗಿದಳು. ನೋಡುತ್ತಾ ನೋಡುತ್ತಾ ಅವಳ ಅಳು ನಿಂತಿತು.

“ಇದು ಎದುರುಗಡೆ ಚಷ್ಮಾ ಕಡೆಗೆ ಇಲ್ಲ ಮೇಡಂ. ಇದು... ಕಂಬದ ಕಡೆಗಿದೆ.”

ದಫೇದಾರರು ಗಂಟಲು ಸರಿಮಾಡಿಕೊಂಡರು. ಅದಕ್ಕೆ ಕಾರಣವಿತ್ತು.

ಚಷ್ಮಾ ಎಂಬ ಹುಡುಗ ಇವತ್ತು ಬೆಳಗಿನಿಂದ ಲಾಕಪ್ಪಿನಲ್ಲಿದ್ದ. ಗಿಳಿಯ ಎದುರು ಕೂತವನು ಅವನು, ಕೌಂಟರಿನಿಂದ ಅವಳ ಕಾಫಿ ತಂದುಕೊಟ್ಟವನು ಅವನು, ಅವಳು ಗೆದ್ದ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಿ ಸೋತವನೂ ಅವನೇ. ದೊಡ್ಡ ಸಾಹೇಬರಿಗೆ ಅಷ್ಟು ಸಾಕಾಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ಅವರು. ನಾಳೆ ಬೆಳಗ್ಗೆ ಅವನನ್ನು ಕೋರ್ಟಿಗೆ ಒಪ್ಪಿಸಿ ಕೈ ತೊಳೆದುಕೊಳ್ಳಲು ಹೊರಟಿದ್ದರು. ಅವನ ತಾಯಿ ಠಾಣೆಯ ಬೆಂಚಿನ ಮೇಲೆ ಮಗನ ಬಟ್ಟೆಯ ಚೀಲ ತೊಡೆಯಲ್ಲಿಟ್ಟುಕೊಂಡು ಕೂತಿದ್ದಳು. ಜೀಪ್ ಬಂದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು.

“ಅಂದ್ರೆ ಗಿಳಿ ತಾನೇ ಕಪ್ ಬೋರಲು ಹಾಕಿದ್ದಾಳೆ. ಎಬ್ಬಿಸು ಅಂತ ಕಂಬದ ಪಕ್ಕದವರಿಗೆ ಹೇಳಿದ್ದಾಳೆ. ಅವರು ಎಬ್ಬಿಸಲಿಲ್ಲ.” ಇನ್‌ಸ್ಪೆಕ್ಟರಮ್ಮ ಒಂದೊಂದೇ ಮಾತು ಅಳೆದು ಹೇಳಿದಳು. “ಯಾರು ಅಲ್ಲಿ ಕೂರೋದು?”

“ಕಂಬ.”

“ಕಂಬ ಗೊತ್ತಾಯ್ತಮ್ಮ. ಪಕ್ಕದಲ್ಲಿ ಕೂರೋದು ಯಾರು?”

“ಅವನನ್ನೇ ಕಂಬ ಅಂತೀವಿ ಮೇಡಂ. ದಿನಾ ಅಲ್ಲೇ ಕೂರ್ತಾನೆ, ಯಾರ ಹತ್ರಾನೂ ಮಾತಾಡಲ್ಲ. ಗಿಳಿ ಒಬ್ಬಳಿಗೆ ಮಾತ್ರ ತಲೆ ಆಡಿಸ್ತಿದ್ದ. ಅವರಿಬ್ಬರೂ ಒಬ್ರನ್ನೊಬ್ರು ಎಬ್ಬಿಸ್ತಿದ್ರು. ಆದ್ರೆ ಅವತ್ತು ನಾನು ಶಾಲು ಹೊದಿಸುವಾಗ ಅವನು ಇರ್ಲಿಲ್ಲ. ಕುರ್ಚಿ ಮೇಲೆ ಸ್ವೆಟರ್ ಇತ್ತು. ಸ್ವೆಟರ್ ಇದ್ರೆ ವಾಪಸ್ ಬರ್ತಾನೆ ಅಂತ ಅಲ್ವಾ ಅರ್ಥ?”

ಇನ್‌ಸ್ಪೆಕ್ಟರಮ್ಮ ಫೋಟೋಗಳನ್ನು ಒಂದಾದ ಮೇಲೊಂದು ಸರಿಸಿದಳು. ಕಿಟಕಿ, ಬಾಗಿಲು, ಕಂಬ, ಕಂಬದ ಪಕ್ಕದ ಕುರ್ಚಿ. ಕುರ್ಚಿ ಖಾಲಿ ಇತ್ತು. ಪೊಲೀಸರು ಬರುವ ಮೊದಲೇ ಯಾರೋ ಆ ಸ್ವೆಟರ್ ಎತ್ತಿದ್ದರು.

ಆಕೆ ತಲೆಯೆತ್ತಿ ಕೌಂಟರ್ ಕಡೆ ನೋಡಿದಳು. ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿತ್ತು. ಮಾವ ಅಲ್ಲಿರಲಿಲ್ಲ.

*

ಕೆಫೆಯ ಹಿಂಭಾಗದ ಕೋಣೆಯಲ್ಲಿ ತೊಳೆದ ಕಪ್‌ಗಳ ಸಾಲು, ಸಕ್ಕರೆ ಮೂಟೆ, ಮುರಿದ ಎರಡು ಕುರ್ಚಿ. ಮಾವ ಹಿತ್ತಿಲ ಬಾಗಿಲಿನ ಅಗುಳಿ ಹಿಡಿದಿದ್ದ. ದಫೇದಾರರು ಸುತ್ತಿಬಂದು ಹೊರಗಿನಿಂದ ಬಾಗಿಲು ತಳ್ಳಿ ಒಳಗೆ ಬಂದರು.

“ಎಲ್ಲಿಗೆ ಮಾವ ಸವಾರಿ? ಹಾಲು ಉಕ್ಕಿ ಒಲೆ ಆರಿದೆ, ಹೋಗಿ ನೋಡಬಾರದಾ?”

“ಕಸ... ಕಸ ಹಾಕೋಣ ಅಂತ.”

“ಬರಿಗೈಯಲ್ಲಾ?”

ಇನ್‌ಸ್ಪೆಕ್ಟರಮ್ಮ ಕೈಕಟ್ಟಿ ಸಕ್ಕರೆ ಮೂಟೆಗೆ ಒರಗಿ ನಿಂತಳು. “ಕಂಬದ ಪಕ್ಕದ ಕುರ್ಚಿ ಮೇಲಿದ್ದ ಸ್ವೆಟರ್ ಎಲ್ಲಿ?”

“ಯಾವ ಸ್ವೆಟರ್ ಮೇಡಂ? ನನಗೇನೂ ಗೊತ್ತಿಲ್ಲ.” ಹೇಳುತ್ತಾ ಅವನ ಕಣ್ಣು ಹಳೇ ಫ್ರಿಜ್ಜಿನ ತಲೆಯ ಮೇಲೆ ಹೋಗಿ ಬಂತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

“ಒಂದು ಹೆಣ್ಣುಮಗು ನಿನ್ನ ಮೇಜಿನ ಮೇಲೆ ಸತ್ತಿದೆ. ನಿನ್ನ ಕಾಫಿ, ನಿನ್ನ ಕಪ್. ಸಾಕ್ಷಿ ಬಚ್ಚಿಟ್ಟವನೂ ನೀನೇ. ಆ ಚಷ್ಮಾ ಹುಡುಗನ ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಇದೆ, ಗೊತ್ತಾ?”

“ನಾನು ಯಾರಿಗೂ ಏನೂ ಮಾಡಿಲ್ಲ ತಾಯಿ!” ಮಾವ ಕೈಮುಗಿದ. “ಅವು ನನ್ನ ಮಕ್ಕಳ ಹಾಗೆ. ಒಂದು ಕಾಫಿಗೆ ಇಡೀ ದಿನ ಕೂತ್ರೂ ಏಳಿ ಅಂದವನಲ್ಲ ನಾನು. ಆ ಮಗು ಆರು ತಿಂಗಳಿಂದ ನನ್ನ ಕಣ್ಮುಂದೆ ಓದ್ತಿತ್ತು.”

“ಹಾಗಾದ್ರೆ ಹೇಳು. ಅವತ್ತು ಏನು ನೋಡಿದೆ?”

ಮಾವ ದಫೇದಾರರ ಮುಖ ನೋಡಿದ, ಆಕೆಯ ಮುಖ ನೋಡಿದ, ಮತ್ತೆ ನೆಲ ನೋಡಿದ.

“ದಫೇದಾರರು ಸ್ವಲ್ಪ ಹೊರಗೆ ನಿಂತ್ಕೊಂಡ್ರೆ ಹೇಳ್ತೀನಿ.”

“ಅವರ ಮುಂದೆಯೇ ಹೇಳು.”

“ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ ತಾಯಿ.”

“ನನ್ನ ಒಳ್ಳೇದು ನಾನು ನೋಡ್ಕೋತೀನಿ. ದಫೇದಾರ್ರೇ, ಇಲ್ಲೇ ನಿಂತಿರಿ. ಇವನು ಹೇಳೋ ಒಂದೊಂದು ಅಕ್ಷರಕ್ಕೂ ನೀವೇ ಸಾಕ್ಷಿ.”

ಆ ಮಾತನ್ನು ಆಡದಿದ್ದರೆ ಚೆನ್ನಾಗಿತ್ತು. ಆದರೆ ಬಾಯಿಂದ ಜಾರಿದ ಮಾತು, ಕೈಯಿಂದ ಜಾರಿದ ಗಾಜು, ಎರಡನ್ನೂ ಯಾರು ಹೆಕ್ಕಿ ಕೂಡಿಸುತ್ತಾರೆ?

ಮಾವ ನಿಟ್ಟುಸಿರು ಬಿಟ್ಟ. “ಮಧ್ಯಾಹ್ನ ಗಿಳಿ ಕಪ್ ಬೋರಲು ಹಾಕಿ ಆ ಹುಡುಗನ ಕಡೆ ನೋಡ್ತು. ಅವನು ಆಗಲಿ ಅಂತ ತಲೆ ಆಡಿಸ್ದ. ಆಮೇಲೆ ಸ್ವಲ್ಪ ಹೊತ್ತಿಗೆ ಯಾರೋ ಬಾಗಿಲಲ್ಲಿ ನಿಂತು ಅವನನ್ನ ಕರೆದ್ರು. ಮುಖ ಕಾಣಲಿಲ್ಲ, ನಾನು ಒಲೆ ಹತ್ರ ಇದ್ದೆ. ಹುಡುಗನ ಮುಖ ಮಾತ್ರ ಕಾಣ್ತು. ಬಿಳಿಚಿಕೊಂಡುಬಿಟ್ಟ. ಸ್ವೆಟರ್ ಅಲ್ಲೇ ಬಿಟ್ಟು ಎದ್ದು ಹೋದ. ಮತ್ತೆ ಈ ಕಡೆ ತಲೆ ಹಾಕಿಲ್ಲ.”

“ಸ್ವೆಟರ್ ಯಾಕೆ ಬಚ್ಚಿಟ್ಟೆ?”

“ಯಾರದ್ದು ಅಂತ ಗೊತ್ತಿತ್ತು. ಚಳಿಗಾಲದಲ್ಲಿ ಒಂದಿನ ಎದುರುಗಡೆ ಗೇಟಿನ ಹತ್ರ ನೋಡಿದ್ದೆ. ಸ್ಕೂಟರಿಂದ ಇಳಿದ ಹುಡುಗನನ್ನ ನಿಲ್ಲಿಸಿ, ಅಷ್ಟು ಜನದ ಮುಂದೆ ಕತ್ತಿನವರೆಗೂ ಗುಂಡಿ ಹಾಕಿ ಕಳಿಸಿದ್ರು. ಅವನು ನಾಚಿ ನೀರಾಗಿದ್ದ.”

“ಯಾರು ಗುಂಡಿ ಹಾಕಿದ್ದು?”

ಮಾವ ಮುರಿದ ಕುರ್ಚಿ ಹತ್ತಿ, ಫ್ರಿಜ್ಜಿನ ಮೇಲಿನ ರಟ್ಟಿನ ಡಬ್ಬಿ ಸರಿಸಿ, ಹಿಂದಿನಿಂದ ಒಂದು ಗಂಟು ಎಳೆದು ಆಕೆಯ ಕೈಗಿಟ್ಟ.

ಪಾಚಿ ಹಸಿರು ಉಣ್ಣೆ. ಎಡಗೈ ಅಂಚಿನಲ್ಲಿ ನೂಲು ಸಾಲದೆ ಬೇರೆ ಹಸಿರು ಸೇರಿತ್ತು. ಕೊನೆಯ ಗುಂಡಿ ಮಾತ್ರ ಕಂದು, ಹಳೇ ಕೋಟಿನದು.

ಇನ್‌ಸ್ಪೆಕ್ಟರಮ್ಮ ಅದನ್ನು ಬಿಡಿಸಿ ನೋಡಲಿಲ್ಲ. ಬಿಡಿಸಬೇಕಾದ್ದೇ ಇರಲಿಲ್ಲ. ಬಂದೋಬಸ್ತಿನ ದಿನಗಳಲ್ಲಿ ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತು ಒಂದೊಂದು ಹೆಣಿಗೆಯನ್ನೂ ಹಾಕಿದವಳು ಆಕೆಯೇ. ನೂಲಿನ ಉಂಡೆ ಹಿಡಿದುಕೊಂಡು ಎದುರು ಕೂತಿದ್ದವರು ಇದೇ ದಫೇದಾರರು. ‘ನನ್ನ ಸರ್ವೀಸಿನಲ್ಲಿ ಎಲ್ಲಾ ಹಿಡಿದಿದ್ದೀನಿ ಮೇಡಂ, ಉಂಡೆ ಒಂದು ಬಾಕಿ ಇತ್ತು’ ಎಂದು ನಗಿಸಿದ್ದರು.

ಈಗ ಅವರು ನಗುತ್ತಿರಲಿಲ್ಲ.

ತಂಗಿ ತೀರಿಕೊಂಡಾಗ ಅವಳ ಮಗ ಇನ್ನೂ ಚಡ್ಡಿ ಹಾಕಲು ಬಾರದ ಕೂಸು. ಅಂದಿನಿಂದ ಆಕೆಯೇ ಸಾಕಿದ್ದಳು. ಆಕೆಗೆ ಅವನು ಮರಿ, ಅವನಿಗೆ ಆಕೆ ದೊಡ್ಡಮ್ಮ, ಇಬ್ಬರಿಗೂ ಈ ಲೋಕದಲ್ಲಿ ಮತ್ತೊಬ್ಬರಿಲ್ಲ. ಗಿಳಿ ಸತ್ತ ಸಂಜೆಯೇ ಆಕೆ ಕೇಳಿದ್ದಳು: “ನೀನು ಆ ಕೆಫೆಗೆ ಹೋಗ್ತೀಯೇನೋ ಮರಿ?” ಅವನು ತಟ್ಟೆಯಿಂದ ಕಣ್ಣೆತ್ತದೆ ಹೇಳಿದ್ದ: “ಇಲ್ಲ ದೊಡ್ಡಮ್ಮ, ನಾನು ಲೈಬ್ರರಿ.” ಊರಿನ ಕಳ್ಳರ ಬಾಯಿ ಬಿಡಿಸುವವಳು ಆ ಮಾತನ್ನು ನಂಬಿ ಇನ್ನೊಂದು ಸೌಟು ಬಡಿಸಿದ್ದಳು. ದೀಪದ ಬುಡದಲ್ಲೇ ಕತ್ತಲೆ ಅಂತ ಸುಮ್ಮನೆ ಹೇಳಿಲ್ಲ ಹಿರಿಯರು.

“ಮೇಡಂ,” ದಫೇದಾರರು ಮೆಲ್ಲಗೆ ಹೇಳಿದರು. “ನಾನು ಹೋಗಿ ಜೀಪ್ ತಿರುಗಿಸಿ ನಿಲ್ಲಿಸ್ತೀನಿ. ನಾನು ಇಲ್ಲಿಗೆ ಬಂದೇ ಇಲ್ಲ, ಏನೂ ನೋಡೇ ಇಲ್ಲ.”

ಆಕೆಯ ಕೈ ಉಣ್ಣೆಯನ್ನು ಬಿಗಿಯಾಗಿ ಹಿಡಿಯಿತು. ಒಪ್ಪಿಬಿಡು ಎಂದಿತು ಮನಸ್ಸು. ಒಲೆ ಪಕ್ಕದಲ್ಲೇ ಇದೆ, ಉಣ್ಣೆ ಉರಿಯಲು ಎಷ್ಟು ಹೊತ್ತು? ಅಷ್ಟರಲ್ಲಿ ಠಾಣೆಯ ಬೆಂಚು ಕಣ್ಣ ಮುಂದೆ ಬಂತು. ತೊಡೆಯ ಮೇಲೆ ಬಟ್ಟೆಯ ಚೀಲ, ಜೀಪ್ ಬಂದಾಗಲೆಲ್ಲ ಎದ್ದು ನಿಲ್ಲುವ ಆ ಹೆಂಗಸು. ಅವಳಿಗೂ ಇರುವುದು ಒಬ್ಬನೇ.

“ಎಲ್ಲಿಗೂ ಹೋಗಬೇಡಿ,” ಅಂದಳು. ಆ ದನಿ ತನ್ನದೇ ಎಂದು ಆಕೆಗೇ ಅನಿಸಲಿಲ್ಲ. “ಜೇಬು ನೋಡ್ತೀನಿ. ಬರ್ಕೊಳ್ಳಿ.”

ಬಲಜೇಬಿನಲ್ಲಿ ಒಂದು ಪೆನ್ನಿನ ಮುಚ್ಚಳ. ಎಡಜೇಬಿನಲ್ಲಿ ಬೆರಳಿಗೆ ಏನೋ ಚುಚ್ಚಿತು. ಬೆಳ್ಳಿ ಹಾಳೆಯ ಮಾತ್ರೆ ಪಟ್ಟಿಯ ಒಂದು ತುಂಡು. ಮಾತ್ರೆಗಳೆಲ್ಲ ಖಾಲಿ.

ಮಾತ್ರೆಯ ಹೆಸರು ಓದಬೇಕಾಗಿರಲಿಲ್ಲ. ಡಾಕ್ಟರು ಗಿಳಿಯ ಹೊಟ್ಟೆಯಲ್ಲಿ ಸಿಕ್ಕಿದ ಮಾತ್ರೆಯ ಹೆಸರು ಹೇಳಿದಾಗಲೇ ಆಕೆ ನಕ್ಕಿದ್ದಳು. ‘ನಾನೂ ಅದನ್ನೇ ನುಂಗೋದು ಡಾಕ್ಟ್ರೇ, ನಮ್ಮ ಇಲಾಖೆಯಲ್ಲಿ ಅರ್ಧ ಜನಕ್ಕೆ ಅದೇ ರಾತ್ರಿ ಊಟ’ ಅಂದಿದ್ದಳು. ಆ ನಗುವನ್ನು ಈಗ ವಾಪಸ್ ನುಂಗುವಂತಿದ್ದರೆ!

ತುಂಡಿನ ಅಂಚು ಗರಗಸದ ಹಾಗೆ ಹಲ್ಲುಹಲ್ಲಾಗಿತ್ತು. ಆಕೆಯ ಮನೆಯಲ್ಲಿ ನೆಟ್ಟಗಿನ ಕತ್ತರಿ ಯಾವತ್ತೂ ಕೈಗೆ ಸಿಗುತ್ತಿರಲಿಲ್ಲ. ಸಿಗುತ್ತಿದ್ದದ್ದು ಬಟ್ಟೆಯ ಅಂಚು ಕತ್ತರಿಸುವ ಹಲ್ಲಿನ ಕತ್ತರಿ ಮಾತ್ರ. ವಾರಕ್ಕೊಮ್ಮೆ ಅದರಿಂದಲೇ ಮಾತ್ರೆ ಪಟ್ಟಿ ತುಂಡು ಮಾಡಿ ಪರ್ಸಿಗೆ ಹಾಕಿಕೊಳ್ಳುತ್ತಿದ್ದಳು. ಈ ವಾರ ಒಂದು ತುಂಡು ಕಡಿಮೆ ಬಂದಿತ್ತು. ವಯಸ್ಸಾಯಿತು, ಮರೆವು, ಅಂದುಕೊಂಡು ಸುಮ್ಮನಾಗಿದ್ದಳು.

‘ಕುರ್ಚಿ ಮೇಲೆ ಬಿಟ್ಟುಹೋದ ಸ್ವೆಟರಿನ ಜೇಬಿಗೆ ಯಾರು ಬೇಕಾದರೂ ಹಾಕಿರಬಹುದು’ ಎಂದು ಮನಸ್ಸು ವಕೀಲಿ ಶುರುಮಾಡಿತು. ಹಾಕಿರಬಹುದು. ಆದರೆ ಆ ತುಂಡು ತನ್ನ ಮನೆಯ ಬೀರುವಿನಿಂದ ನಡೆದುಕೊಂಡು ಬರಲಿಲ್ಲ.

ಆಕೆ ಮರಿಗೆ ಫೋನ್ ಮಾಡಿದಳು. ರಿಂಗ್ ಆಯಿತು, ಆಗುತ್ತಲೇ ಇತ್ತು, ನಿಂತಿತು. ಇನ್ನೊಂದು ಸಲ ಮಾಡಿದಳು. ದೊಡ್ಡಮ್ಮನ ಫೋನನ್ನು ಎರಡನೇ ರಿಂಗಿಗೆ ಎತ್ತುವ ಹುಡುಗ ಅವನು, ಬೈಗುಳಕ್ಕೆ ಹೆದರಿಯಾದರೂ.

“ಜೀಪ್,” ಅಂದಳು.

*

ದಫೇದಾರರು ಜೀಪನ್ನು ಆಕೆಯ ಮನೆಯ ಓಣಿಗೆ ತಿರುಗಿಸಿದರು. ಸಂಜೆ ಬಿಸಿಲು ಇನ್ನೂ ಗೋಡೆಗಳ ಮೇಲಿತ್ತು. ಓಣಿಯಲ್ಲಿ ಮಕ್ಕಳು ಚೆಂಡು ಆಡುತ್ತಿದ್ದರು. ಮನೆಯ ಮುಂಬಾಗಿಲು ಸುಮ್ಮನೆ ಮುಚ್ಚಿತ್ತು, ಬೀಗ ಹಾಕಿರಲಿಲ್ಲ.

“ಮರೀ!”

ಚಪ್ಪಲಿ ಬಾಗಿಲ ಹತ್ತಿರವೇ ಇತ್ತು. ಬ್ಯಾಗು ಸೋಫಾದ ಮೇಲೆ ಬಿದ್ದಿತ್ತು, ಮೊಬೈಲು ಅದರ ಪಕ್ಕದಲ್ಲೇ ಇತ್ತು. ಆಕೆಯ ಎರಡು ಕರೆಗಳು ಅದರ ಮೇಲೆ ಹಾಗೇ ಉಳಿದಿದ್ದವು.

ಊಟದ ಮೇಜಿನ ಮೇಲೆ ಒಂದು ಸಾಸರ್. ಸಾಸರ್ ಮೇಲೆ ಬೋರಲು ಹಾಕಿದ ಕಪ್.

ಆ ಮೇಜಿಗೆ ನಾಲ್ಕು ಕುರ್ಚಿ. ಕಪ್ಪಿನ ಹಿಡಿ ಅಡುಗೆಮನೆ ಬಾಗಿಲಿಗೆ ಬೆನ್ನು ಮಾಡಿದ ಕುರ್ಚಿಯ ಕಡೆಗೆ ತಿರುಗಿತ್ತು. ಒಂದು ಕಾಲು ಕುಂಟುವ, ಬಂದವರು ಯಾರೂ ಕೂರದ, ಹದಿನಾರು ವರ್ಷದಿಂದ ಆಕೆಯೊಬ್ಬಳೇ ಕೂರುವ ಕುರ್ಚಿ ಅದು. ಅದು ದೊಡ್ಡಮ್ಮನ ಕುರ್ಚಿ ಎಂದು ತಿಳಿದವನು ಮರಿಯೊಬ್ಬನೇ. ಕಪ್ ತಿರುಗಿಸಿಟ್ಟವನು ಅವನೇ.

ಎಬ್ಬಿಸಬೇಕಾದವಳು ತಾನು.

“ಮರೀ, ಏಳೋ! ಏಳೋ ಕಂದಾ!” ಕೂಗುತ್ತಾ ಆಕೆ ಅವನ ಕೋಣೆಗೆ ಓಡಿದಳು. ಬಾಗಿಲು ಮುಚ್ಚಿತ್ತು. ಭುಜ ಕೊಟ್ಟು ತಳ್ಳಿದಳು, ಅಲುಗಲಿಲ್ಲ. ಒಳಗಿನಿಂದ ಹಾಕಿಕೊಂಡಿದ್ದಾನೆ, ಒಡೆಯಬೇಕು ಎಂದು ದಫೇದಾರರನ್ನು ಕರೆಯಲು ತಿರುಗಿದವಳು, ಹಾಗೇ ನಿಂತುಬಿಟ್ಟಳು.

ಚಿಲಕ ಆಕೆಯ ಕಣ್ಣಿನ ಎತ್ತರದಲ್ಲೇ ಇತ್ತು. ಯಾರೋ ಅದನ್ನು ಹಾಕಿದ್ದು ಹೊರಗಿನಿಂದ.